ಗಾಣಗಾಪುರದ ನಿರ್ಗುಣ ಮಠ

ದೇವಾಲಯವೊಂದರ ಮಾತು ಬಂದಾಗ ನಮ್ಮಲ್ಲಿ ಬಹುಮಂದಿ ಮೊದಲು ಕೇಳುವ ಪ್ರಶ್ನೆಗಳು ಮೂರು. ಕಟ್ಟಿಸಿದ ಅರಸನಾರು? ಗೋಪುರದ ಎತ್ತರವೆಷ್ಟು? ಮೂರ್ತಿಯ ಲಕ್ಷಣವೇನು? ಬೇಲೂರು ಹಳೆಯಬೀಡುಗಳಲ್ಲಿ ಇವಕ್ಕೆ ತೃಪ್ತಿಕರವಾದ ಉತ್ತರ ದೊರೆಯುತ್ತದೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹೋದವರಿಗಾದರೋ ಈ ಪ್ರಶ್ನೆಗಳು ಅಷ್ಟಾಗಿ ಉಪಯೋಗಕ್ಕೆ ಬಾರವು. ಅಲ್ಲಿಯ ನಿರ್ಗುಣ ಮಠದ ಹೆಸರು ಯಾವ ಅರಸನ ಬಿರುದಾವಳಿಗೂ ಅಂಟಿಕೊಂಡಿಲ್ಲ. ಅದರ ಕೀರ್ತಿಗೆ ಶಿಲ್ಪವೂ ಕಾರಣವಲ್ಲ. ಅಲ್ಲಿ ಪ್ರಧಾನವಾಗಿ ಪೂಜೆಗೊಳ್ಳುವುದು ಒಂದು ಜೊತೆ ಪಾದುಕೆ. ಹೀಗಿದ್ದರೂ ಕನ್ನಡ, ಮರಾಠಿ, ತೆಲುಗು ನಾಡುಗಳ ಜನರು ಶತಮಾನಗಳಿಂದ ಅಲ್ಲಿಗೆ ನಡೆದುಬರುತ್ತಿರುವರು. ಈ ಕಟ್ಟಡವನ್ನು ನೋಡಬೇಕಾದ ಬಗೆ ಯಾವುದೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಮೊದಲು ಸ್ಥಳದ ಪರಿಚಯ. ಅಮರಜಾ ಎಂಬ ಚಿಕ್ಕ ನದಿ ಆಳಂದ ತಾಲ್ಲೂಕಿನಿಂದ ಇಳಿದು ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಮುಂದೆ ಹರಿದು, ಜೇವರ್ಗಿಯ ಸೀಮೆಯನ್ನು ಸೋಕಿ, ಕಡೆಗೆ ಕೃಷ್ಣೆಯಲ್ಲಿ ಬೆರೆಯುತ್ತಾಳೆ. ಆಳಂದ, ಅಫಜಲಪುರಗಳದು ಕರಿಯ ಕಲ್ಲಿನ, ಎರೆಮಣ್ಣಿನ ಭೂಮಿ. ಜೋಳ ತೊಗರಿಗಳ ಬೀಡು. ಕೆಳಗೆ ಜೇವರ್ಗಿ, ಶಹಾಬಾದುಗಳ ಕಡೆಗೆ ಹೋದಂತೆ ಹಾಸುಬಂಡೆಯಾಗಿ ಏಳುವ ಸುಣ್ಣಕಲ್ಲು ಕಾಣಿಸಿಕೊಳ್ಳುತ್ತದೆ. ಸೊಲ್ಲಾಪುರದಿಂದ ವಾಡಿಗೆ ಹೋಗುವ ರೈಲುದಾರಿಯಲ್ಲಿ ಗಾಣಗಾಪುರ ರೋಡ್ ಎಂಬ ನಿಲ್ದಾಣವುಂಟು. ಅಲ್ಲಿಳಿದು ಸುಮಾರು ೨೦ ಕಿಲೋಮೀಟರು ಹೋದರೆ ಊರು. ಊರಿನಿಂದ ಸಂಗಮಕ್ಕೆ ಮತ್ತೆ ಸುಮಾರು ಮೂರು ಕಿಲೋಮೀಟರು. ಈ ಕೊನೆಯ ಅಂತರವನ್ನು ಕೇಳುಗರು ನೆನಪಿನಲ್ಲಿಡಬೇಕು. ಮಠದ ಅರ್ಥವೆಲ್ಲ ಈ ಹಾದಿಯಲ್ಲಿ ಅಡಗಿದೆ.

ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ನೃಸಿಂಹ ಸರಸ್ವತಿಯೆಂಬ ಯತಿಗಳು ಇಲ್ಲಿಗೆ ಬಂದರು. ಅವರ ಜನ್ಮಸ್ಥಳ ವಿದರ್ಭದ ಕಾರಂಜಾ. ಭಕ್ತರು ಅವರನ್ನು ದತ್ತಾತ್ರೇಯನ ಅವತಾರವೆಂದು ನಂಬುವರು. ಕೃಷ್ಣಾತೀರದ ಔದುಂಬರ, ನರಸೋಬವಾಡಿಗಳಲ್ಲಿ ನೆಲಸಿದ್ದು, ಬಳಿಕ ಭೀಮಾತೀರಕ್ಕೆ ಬಂದು ಇಪ್ಪತ್ತು ವರ್ಷಗಳಿಗೂ ಮಿಕ್ಕು ಇಲ್ಲಿದ್ದರು. ಸಂಪ್ರದಾಯದ ಲೆಕ್ಕದಂತೆ ಕ್ರಿ. ಶ. ೧೪೫೮ರ ಸುಮಾರಿನಲ್ಲಿ ಶ್ರೀಶೈಲದ ಕದಳೀವನದ ಕಡೆಗೆ ತೆರಳಿದರು. ೧೩೪೭ರಲ್ಲಿ ಕಲಬುರಗಿಯಲ್ಲಿ ತಲೆಯೆತ್ತಿದ ಬಹಮನೀ ರಾಜ್ಯವು ೧೪೨೦ರ ದಶಕದಲ್ಲಿ ತನ್ನ ರಾಜಧಾನಿಯನ್ನು ಬೀದರಿಗೆ ಸಾಗಿಸಿದ ಕಾಲವದು. ಬೀದರಿನ ಸುಲ್ತಾನನೊಬ್ಬನು ವ್ರಣದಿಂದ ನರಳಿ ಈ ಯತಿಗಳ ಬಳಿಗೆ ಬಂದು ಗುಣಹೊಂದಿದನೆಂದು ಗುರುಚರಿತ್ರೆ ಹೇಳುತ್ತದೆ. ಅರಸನು ಈ ಕಥೆಗೆ ಬರುವುದು ದಾನಿಯಾಗಿ ಅಲ್ಲ, ರೋಗಿಯಾಗಿ ಎಂಬುದು ಗಮನಾರ್ಹ.

ಯತಿಗಳು ಮೊದಲು ತಂಗಿದ್ದುದು ಸಂಗಮದಲ್ಲಿ. ಊರಿಗೆ ಬರುತ್ತಿದ್ದುದು ಭಿಕ್ಷೆಗೆ ಮಾತ್ರ. ಅವರ ಮಹಿಮೆಯನ್ನು ಕಂಡ ಗ್ರಾಮಾಧಿಪತಿಯು ಊರೊಳಗೆ ಬಂದು ನೆಲಸಬೇಕೆಂದು ಬೇಡಿಕೊಂಡನಂತೆ. ಊರಿನ ಪಶ್ಚಿಮದಲ್ಲಿ ಒಂದು ಅಶ್ವತ್ಥ ವೃಕ್ಷ. ಅದರ ಮೇಲೆ ಬ್ರಹ್ಮರಾಕ್ಷಸ. ಆ ಭಯದಿಂದ ಪಕ್ಕದ ಮನೆಯಲ್ಲಿ ಯಾರೂ ಒಕ್ಕಲಿರಲಿಲ್ಲ. ಯತಿಗಳು ಆ ರಾಕ್ಷಸನಿಗೆ ಮುಕ್ತಿಯನ್ನು ಕೊಟ್ಟು ಆ ಪಾಳುಮನೆಯನ್ನೇ ಆರಿಸಿಕೊಂಡರೆಂದು ಐತಿಹ್ಯ. ಕಥೆಯನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಕಟ್ಟಡಕ್ಕೆ ಮಾತ್ರ ಈ ಕಥೆಯೇ ವ್ಯಾಖ್ಯಾನವಾಗಿದೆ. ಮಠವು ದೇವಾಲಯದ ವಿನ್ಯಾಸವನ್ನು ಅನುಸರಿಸದೆ ಈ ಸೀಮೆಯ ದೊಡ್ಡ ವಾಡೆಯ ಮನೆಯಂತೆ ಕಾಣುತ್ತದೆ. ಸುತ್ತ ಗೋಡೆ, ತಲೆಬಾಗಿಲು, ಅದರ ಮೇಲೆ ತ್ರಿಕಾಲ ಪೂಜೆಯ ಹೊತ್ತನ್ನು ಸಾರುವ ನಗಾರಖಾನೆ. ಒಳಗೆ ಕಂಬಗಳ ಪಡಸಾಲೆ. ಪಶ್ಚಿಮದಲ್ಲಿ ಇಂದಿಗೂ ಅಶ್ವತ್ಥಕ್ಕೆ ಪ್ರದಕ್ಷಿಣೆ ನಡೆಯುತ್ತದೆ.

ಪಾದುಕೆಗಳಿರುವುದು ಒಳಗಿನ ಸಣ್ಣ ಕೋಣೆಯಲ್ಲಿ. ಭಕ್ತನು ಅಲ್ಲಿಗೆ ನೇರವಾಗಿ ಪ್ರವೇಶಿಸಲಾರನು. ಬೆಳ್ಳಿಯ ತಗಡು ಹೊದಿಸಿದ ಒಂದು ಕಿಂಡಿಯಲ್ಲಿ ಇಣುಕಿ ದರ್ಶನ ಪಡೆಯಬೇಕು. ಉಡುಪಿಯ ಕೃಷ್ಣನನ್ನು ಒಂಬತ್ತು ರಂಧ್ರಗಳ ಕಿಂಡಿಯಲ್ಲಿ ನೋಡಿ ಅಭ್ಯಾಸವಿರುವ ನಮಗೆ ಇದು ಹೊಸದೆನಿಸದು. ಆದರೆ ಉಡುಪಿಯಲ್ಲಿ ಕಿಂಡಿಯಾಚೆ ಸರ್ವಾಲಂಕಾರಭೂಷಿತನಾದ ಬಾಲಕನಿರುವನು. ಇಲ್ಲಿ ಹೊರಟುಹೋದವರು ಬಿಟ್ಟುಹೋದ ಗುರುತು ಮಾತ್ರವಿದೆ. ಪಾದುಕೆಗಳಿಗೆ ನೀರಿನ ಅಭಿಷೇಕವಿಲ್ಲ. ಕೇಸರಿ, ಅಷ್ಟಗಂಧಗಳ ಲೇಪನವುಂಟು. ನಿರ್ಗುಣವೆಂಬ ಹೆಸರು ಇಂಥ ಕೋಣೆಗೆ ಒಪ್ಪುವುದೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಇಲ್ಲಿ ವಾಸ್ತುವೆಂಬುದು ಯಾವುದು? ಯಾತ್ರಿಕನ ದಿನಚರಿಯೇ ಉತ್ತರ ಕೊಡುತ್ತದೆ. ಬೆಳಗ್ಗೆ ಸಂಗಮದಲ್ಲಿ ಸ್ನಾನ, ದಡದ ಔದುಂಬರದ ಬುಡದಲ್ಲಿ ಗುರುಚರಿತ್ರೆಯ ಪಾರಾಯಣ, ಊರಿಗೆ ನಡಿಗೆ, ಮಠದಲ್ಲಿ ದರ್ಶನ, ನಡುಹಗಲಿಗೆ ಮಾಧುಕರಿ. ಮಧುಕರವೆಂದರೆ ದುಂಬಿ. ಅದು ಹೂವಿನಿಂದ ಹೂವಿಗೆ ಹೋಗಿ, ಯಾವುದನ್ನೂ ನೋಯಿಸದೆ, ಸ್ವಲ್ಪ ಸ್ವಲ್ಪವಾಗಿ ಮಕರಂದವನ್ನು ಕೂಡಿಸಿಕೊಳ್ಳುವಂತೆ, ಯಾತ್ರಿಕನು ಐದು ಮನೆಗಳಲ್ಲಾದರೂ ಭಿಕ್ಷೆ ಬೇಡಬೇಕು. ಗುರುಗಳು ಯಾವುದೋ ರೂಪದಲ್ಲಿ ಪ್ರತಿದಿನವೂ ಮಧ್ಯಾಹ್ನ ಇಲ್ಲಿ ಭಿಕ್ಷೆಗೆ ಬರುವರೆಂದು ನಂಬಿಕೆ. ಆದಕಾರಣ ಬೇಡಬಂದ ಯಾತ್ರಿಕನೇ ಬೇರೆಯವರ ಜೋಳಿಗೆಗೂ ನೀಡುತ್ತಾನೆ. ಪಟ್ಟಣದಲ್ಲಿ ಕಾರಿನಿಂದಿಳಿಯುವ ಸಿರಿವಂತನು ಇಲ್ಲಿ ತುಂಡು ರೊಟ್ಟಿಗೆ ಕೈಯೊಡ್ಡಿ ನಿಲ್ಲುವುದನ್ನು ನಾವು ಕಾಣಬಹುದು. ನದಿ, ಮರ, ಹಾದಿ, ಮಠ, ಐದು ಹೊಸ್ತಿಲು: ಇವೆಲ್ಲವೂ ಸೇರಿ ಒಂದು ಕಟ್ಟಡ.

ಹೋಲಿಕೆಗಾಗಿ ದೂರದ ಒಂದು ನಾಡನ್ನು ನೋಡೋಣ. ಫ್ರಾನ್ಸಿನ ಪಶ್ಚಿಮ ಅಂಚಿನ ಬ್ರಿಟನಿಯಲ್ಲಿ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಹಳ್ಳಿಯ ಜನರು ನಾರುಬಟ್ಟೆಯ ವ್ಯಾಪಾರದಿಂದ ಹಣವಂತರಾಗಿ, ಒಂದೂರಿಗಿಂತ ಒಂದೂರು ಮಿಗಿಲೆಂಬಂತೆ ಇಗರ್ಜಿಗಳನ್ನು ಕಟ್ಟಿಸಿದರು. ಇಗರ್ಜಿಯ ಸುತ್ತ ಪೌಳಿ, ಕಮಾನಿನ ಬಾಗಿಲು, ಅಸ್ಥಿಗೃಹ, ಯೇಸುವಿನ ಬಾಳನ್ನು ಕಡೆದ ಶಿಲೆಯ ಗುಂಪು. ಗಿಮಿಲಿಯೋ ಎಂಬ ಹಳ್ಳಿಯಲ್ಲಿ ೧೫೮೧ರಿಂದ ೧೫೮೮ರವರೆಗೆ ಕಡೆದ ಅಂಥ ಒಂದೇ ಗುಂಪಿನಲ್ಲಿ ಸುಮಾರು ಇನ್ನೂರು ವಿಗ್ರಹಗಳಿವೆ. ಅಲ್ಲಿ ಹಳ್ಳಿಯು ತನ್ನ ಗಳಿಕೆಯನ್ನು ಕಲ್ಲಿನಲ್ಲಿರಿಸಿತು. ಗಾಣಗಾಪುರವು ತನ್ನ ಭಕ್ತಿಯನ್ನು ಆಚಾರದಲ್ಲಿರಿಸಿತು. ಕಲ್ಲನ್ನು ಕಾಯುವುದಕ್ಕೆ ಕಾವಲುಗಾರನು ಸಾಕು. ಆಚಾರವನ್ನು ಕಾಯುವುದಕ್ಕೆ ಊರೇ ಬೇಕು.

ಈ ಆಚಾರಕ್ಕೆ ಶಾಸನವಾಗಿ ನಿಂತದ್ದು ಗುರುಚರಿತ್ರೆ. ಅದರ ಕರ್ತೃ ಸರಸ್ವತಿ ಗಂಗಾಧರನ ಮೂಲಪುರುಷ ಸಾಯಂದೇವನು ಆಳಂದ ತಾಲ್ಲೂಕಿನ ಕಡಗಂಚಿಯವನು. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವುದೂ ಈ ಕಡಗಂಚಿಯಲ್ಲಿಯೇ. ಗ್ರಂಥವು ಮರಾಠಿಯ ಓವಿಗಳಲ್ಲಿದ್ದರೂ ನಡುವೆ ಕನ್ನಡ ಪದಗಳು ಹಾಡಾಗಿ ಸೇರಿಕೊಂಡಿವೆ. ಯತಿಗಳ ಮಾತನ್ನು ನಂಬಿ ತನ್ನ ಹಸುರು ಜೋಳವನ್ನು ಕೊಯ್ದುಹಾಕಿದ ಒಕ್ಕಲಿಗನ ಕಥೆಯೂ ಅದರಲ್ಲಿದೆ. ಅಕಾಲದ ಮಳೆಗೆ ಊರ ಬೆಳೆಯೆಲ್ಲ ಹಾಳಾದಾಗ ಅವನ ಕೂಳೆಯೊಂದೇ ಮತ್ತೆ ಚಿಗುರಿ ಹಲವು ಪಟ್ಟು ತೆನೆಯಾಯಿತಂತೆ. ಭೀಮಾತೀರದ ಬೇಸಾಯವನ್ನು ಬಲ್ಲವರಿಗೆ ಈ ಕಥೆಯ ಮಣ್ಣಿನ ವಾಸನೆ ತಿಳಿಯದಿರದು.

ಇಂದು ಮಠಕ್ಕಿರುವ ಭಯವು ಗೋಡೆಗೆ ಬಂದದ್ದಲ್ಲ. ೨೦೨೦ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ತೀರದ ಹಳ್ಳಿಗಳನ್ನು ಮುಳುಗಿಸಿತು. ೨೦೨೪ರ ಬೇಸಿಗೆಯಲ್ಲಿ ಅದೇ ನದಿ ಬತ್ತಿ, ಮೇಲಣ ಉಜನಿ ಜಲಾಶಯದಿಂದ ನೀರು ಬಿಡಬೇಕೆಂದು ಅಫಜಲಪುರದಲ್ಲಿ ಸತ್ಯಾಗ್ರಹ ನಡೆಯಿತು. ಸ್ನಾನಕ್ಕೆ ನೀರಿಲ್ಲದ ಸಂಗಮವು ಬಾಗಿಲು ಕಿತ್ತ ಗುಡಿಗೆ ಸಮಾನ. ದತ್ತಜಯಂತಿಯಲ್ಲಿಯೂ, ಗುರುಗಳು ತೆರಳಿದ ಮಾಘ ಬಹುಳ ಪಾಡ್ಯದಲ್ಲಿಯೂ ಕೂಡುವ ಜನಸಂದಣಿಗೆ ವಸತಿ ಬೇಕು, ರಸ್ತೆ ಬೇಕು, ಶೌಚದ ಏರ್ಪಾಡು ಬೇಕು. ಇದನ್ನು ನಾವು ಅಲ್ಲಗಳೆಯಲಾರೆವು. ಆದರೆ ಮಠದ ಸುತ್ತಣ ಮನೆಗಳೆಲ್ಲ ವಸತಿಗೃಹಗಳೂ ಅಂಗಡಿಗಳೂ ಆಗಿಹೋದರೆ ಭಿಕ್ಷೆಗೆ ನಿಲ್ಲಲು ಐದು ಹೊಸ್ತಿಲು ಉಳಿಯಬೇಕಲ್ಲವೆ? ಜೀರ್ಣೋದ್ಧಾರವೆಂದರೆ ಅಮೃತಶಿಲೆಯ ನೆಲಹಾಸೆಂದು ತಿಳಿಯುವವರು ಮೊದಲು ಹೊಳೆಯನ್ನೂ ಊರನ್ನೂ ನೆನೆಯಬೇಕು.

ಕೇಳುಗರಲ್ಲಿ ಅಲ್ಲಿಗೆ ಹೋಗುವವರಿದ್ದರೆ ನಮ್ಮದೊಂದು ಸೂಚನೆ. ಮಠದ ಬಾಗಿಲಿಗೇ ವಾಹನವನ್ನು ಒಯ್ಯಬೇಡಿರಿ. ಸಂಗಮದಲ್ಲಿ ಇಳಿದು, ಆ ಮೂರು ಕಿಲೋಮೀಟರನ್ನು ಬಿಸಿಲೇರುವ ಮುನ್ನ ನಡೆದು ಊರನ್ನು ಸೇರಿರಿ. ಕಿಂಡಿಯ ಮುಂದೆ ನಿಂತಾಗ ಅದರ ಒಳಗೇನಿದೆಯೆಂಬುದು ಆಗ ಚೆನ್ನಾಗಿ ತಿಳಿಯುವುದು.