ನಾಲಿಗೆ ತಡವರಿಸಿದರೆ ಮನಸ್ಸು ಕುಗ್ಗಬೇಕೇ?

ಗ್ರೀಕರ 'ಲೋಗೋಸ್' ಎಂಬ ಒಂದೇ ಪದವು ಮಾತನ್ನೂ ವಿವೇಚನೆಯನ್ನೂ ಸೂಚಿಸುತ್ತದೆ. ಮಾತು ಸರಾಗವಾಗಿ ಬಾರದವನಿಗೆ ಬುದ್ಧಿಯೂ ಮಂದವೆಂಬ ತೀರ್ಮಾನಕ್ಕೆ ಇಂಥ ಸಮೀಕರಣ ಸುಲಭವಾಗಿ ದಾರಿ ಮಾಡಿಕೊಡುತ್ತದೆ. ಮಗುವೊಂದನ್ನು 'ಉಗ್ಗ', 'ತೊದಲ' ಎಂದು ಕರೆಯುವಾಗ ನಾವು ಮಾಡುವುದೂ ಅದೇ ತಪ್ಪನ್ನು.

ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ತೋರುತ್ತದೆ. ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಮರೆಯಾಗುತ್ತದೆ. ಅದರ ಮೂಲ ಅನುವಂಶೀಯತೆ ಹಾಗೂ ಮಿದುಳಿನ ಬೆಳವಣಿಗೆಯಲ್ಲಿದೆಯೇ ಹೊರತು ತಾಯಿತಂದೆಯರ ತಪ್ಪಿನಲ್ಲಿಲ್ಲ. ಅಂಜಿಕೆ ಉಗ್ಗಿನ ಕಾರಣವಲ್ಲ, ಪರಿಣಾಮ. ಕೆನಡಾದ ಒಟ್ಟಾವಾದಲ್ಲಿ ಮಾತು ಮತ್ತು ಭಾಷೆಯ ತೊಂದರೆಯಿದ್ದ 5 ವರ್ಷದ ಮಕ್ಕಳನ್ನು 19ರ ಪ್ರಾಯದವರೆಗೆ ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಭಾಷೆಯ ತೊಂದರೆಯಿದ್ದವರಲ್ಲಿ ಆತಂಕದ ಕಾಯಿಲೆ, ಮುಖ್ಯವಾಗಿ ಜನರೆದುರು ನಿಲ್ಲುವ ಭಯ, ಇತರರಿಗಿಂತ ಹೆಚ್ಚಾಗಿತ್ತು. ಆದುದರಿಂದ ನಾಲಿಗೆಯ ಚಿಕಿತ್ಸೆಯೊಡನೆ ಮನಸ್ಸಿನ ಆರೈಕೆಯೂ ಸಾಗಬೇಕು.

ಈ ಎರಡೂ ಒಂದೇ ಆವರಣದಲ್ಲಿ ದೊರೆಯುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದುದು ನಮ್ಮ ಮೈಸೂರಿನಲ್ಲಿಯೇ. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆಯಲ್ಲಿ ವಾಕ್ ಚಿಕಿತ್ಸಕರೊಡನೆ ಮನಶ್ಶಾಸ್ತ್ರಜ್ಞರೂ ವಿಶೇಷ ಶಿಕ್ಷಕರೂ ಇದ್ದಾರೆ. ಆದರೆ ಚಿಕಿತ್ಸೆ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನಿಂದ ಬರುವ ತಾಯಿಗೆ ಪ್ರತಿ ಭೇಟಿಯೂ ಒಂದು ದಿನದ ಕೂಲಿಯ ನಷ್ಟ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಮನೆ ಬಿಟ್ಟು ಹೊರಡುವುದೇ ಕಷ್ಟ. ಕೃಷ್ಣರಾಜನಗರದವರಿಗೆ ರೈಲಿನ ಅನುಕೂಲವಿದ್ದರೂ ಭೇಟಿಗಳು ಅರ್ಧಕ್ಕೇ ನಿಂತುಹೋಗುವ ಅಪಾಯ ಅವರಿಗೂ ಇದೆ. ಹೀಗಾಗಿ ಉಳಿದ ಕೆಲಸ ಊರಿನಲ್ಲಿಯೇ ನಡೆಯಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಕಿವಿ ಮಂದವಿರುವುದನ್ನೂ ಮಾತು ತಡವಾಗಿರುವುದನ್ನೂ ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಇಲ್ಲೊಂದು ವಿವೇಕ ಅಗತ್ಯ. ಮನೆಯಲ್ಲಿ ಜೇನುಕುರುಬರ ನುಡಿಯಾಡುವ ಮಗು ಶಾಲೆಯ ಕನ್ನಡದ ಮುಂದೆ ಮೌನವಾಗಿದ್ದರೆ ಅದನ್ನು ದೋಷವೆನ್ನಲಾಗದು. ತನ್ನ ಮನೆಮಾತಿನಲ್ಲಿಯೂ ಅದು ತಡವರಿಸುತ್ತದೆಯೇ ಎಂದು ಮೊದಲು ಕೇಳಬೇಕು.

ಉಗ್ಗುವ ಮಗುವಿನ ವಾಕ್ಯವನ್ನು ನಾವು ಪೂರ್ತಿ ಮಾಡಬಾರದು. 'ನಿಧಾನವಾಗಿ ಹೇಳು' ಎಂದು ಮತ್ತೆ ಮತ್ತೆ ಎಚ್ಚರಿಸಲೂ ಬಾರದು. ಕಣ್ಣಲ್ಲಿ ಕಣ್ಣಿಟ್ಟು, ಮುಗಿಯುವವರೆಗೆ ಕಾಯಬೇಕು. ಶಾಲೆಯಲ್ಲಾಗಲಿ ಜ್ಞಾನೋಪದೇಶ ತರಗತಿಯಲ್ಲಾಗಲಿ ಎಲ್ಲರೆದುರು ಗಟ್ಟಿಯಾಗಿ ಓದಲು ಬಲವಂತಪಡಿಸುವ ಮೊದಲು ಮಗುವಿನ ಇಚ್ಛೆಯನ್ನು ಏಕಾಂತದಲ್ಲಿ ವಿಚಾರಿಸಬೇಕು. ಅಣಕಿಸುವವರನ್ನು ಶಿಕ್ಷಕರು ಅಂದೇ ತಡೆಯಬೇಕು.

ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು, ನಿದ್ದೆಗೇಡು, ಗೆಳೆಯರಿಂದ ದೂರ ಸರಿಯುವುದು, ಬದುಕು ಬೇಡವೆಂಬ ಮಾತು: ಇವುಗಳನ್ನು ಹಟವೆಂದು ತಳ್ಳಿಹಾಕದೆ ಕೂಡಲೇ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಆಡುವವನಷ್ಟೇ ಕೇಳುವವನೂ ಮಾತಿಗೆ ಬೇಕು. ಮಗುವಿನ ನಾಲಿಗೆಯನ್ನು ತಿದ್ದುವ ವಿದ್ಯೆ ನಮ್ಮೆಲ್ಲರಿಗೂ ಬಾರದಿರಬಹುದು. ಆದರೆ ಅದರ ಮಾತಿಗಾಗಿ ಒಂದು ಕ್ಷಣ ಕಾಯುವ ತಾಳ್ಮೆಯನ್ನು ಇಂದಿನಿಂದಲೇ ನಾವೆಲ್ಲರೂ ರೂಢಿಸಿಕೊಳ್ಳೋಣ.