ಒಂದೇ ಮೇಜು, ನಾಲ್ಕು ಪತ್ರಿಕೆ: ಮಲೇಷ್ಯಾದಲ್ಲಿ ಓದುಗನ ಹುಡುಕಾಟ

ಕ್ವಾಲಾಲಂಪುರದ ಬೀದಿಗಳಲ್ಲಿ ತಡರಾತ್ರಿಯವರೆಗೂ ಗಿಜಿಗುಡುವ ಹೋಟೆಲುಗಳೆಂದರೆ ‘ಮಾಮಕ್’ ಅಂಗಡಿಗಳು. ತಮಿಳು ಮುಸ್ಲಿಮರು ನಡೆಸಿಕೊಂಡು ಬಂದಿರುವ ಈ ಹೋಟೆಲುಗಳಲ್ಲಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹುಯ್ದು ನೊರೆ ಬರಿಸಿದ ‘ತೇ ತಾರಿಕ್’ ಚಹಾ ಹೀರುತ್ತ ಮಲಯ್, ಚೀನೀ, ತಮಿಳು ಮನೆಮಾತಿನವರು ಒಂದೇ ಮೇಜಿಗೆ ಕುಳಿತು ಹರಟುವುದು ದಿನನಿತ್ಯದ ನೋಟ. ಅವರ ಮಾತು ಮಲಯ್‌ನಲ್ಲಿ ಆರಂಭವಾಗಿ, ಇಂಗ್ಲಿಷಿಗೆ ಜಾರಿ, ನಡುನಡುವೆ ಚೀನೀ, ತಮಿಳು ಪದಗಳನ್ನು ಸೇರಿಸಿಕೊಂಡು, ‘ಲಾ’ ಎಂಬ ಬಾಲಂಗೋಚಿಯೊಂದಿಗೆ ಮುಗಿಯುತ್ತದೆ. ಈ ಬೆರಕೆ ಮಾತಿಗೆ ಅಲ್ಲಿನವರು ‘ಬಹಾಸಾ ರೋಜಕ್’ ಎನ್ನುತ್ತಾರೆ. ರೋಜಕ್ ಎಂದರೆ ಹಣ್ಣು, ತರಕಾರಿ ಹೋಳುಗಳನ್ನು ಕಲಸಿ ಮಾಡುವ ಒಂದು ತಿನಿಸು.

ಆದರೆ ಇದೇ ಮೇಜಿನವರು ಓದಲು ಹೊರಟರೆ ಚಿತ್ರವೇ ಬೇರೆ. ಒಬ್ಬರ ಕೈಯಲ್ಲಿ ಮಲಯ್ ಪತ್ರಿಕೆ, ಇನ್ನೊಬ್ಬರದು ಚೀನೀ, ಮತ್ತೊಬ್ಬರದು ತಮಿಳು, ಮಗದೊಬ್ಬರದು ಇಂಗ್ಲಿಷ್. ಒಂದೇ ಊರಿನ ಒಂದೇ ದಿನದ ಸುದ್ದಿ ನಾಲ್ಕು ಭಾಷೆಗಳಲ್ಲಿ ನಾಲ್ಕು ಬಗೆಯಾಗಿ ಕಾಣುತ್ತದೆ. ಒಟ್ಟಿಗೆ ಮಾತಾಡುವ ಜನ ಒಟ್ಟಿಗೆ ಓದುವುದಿಲ್ಲ! ಮಲೇಷ್ಯಾದಲ್ಲಿ ಲೇಖನಿ ಹಿಡಿದವರಿಗೆಲ್ಲ ಎದುರಾಗುವ ದೊಡ್ಡ ಸಮಸ್ಯೆ ಇದೇ. ಅಲ್ಲಿ ಬರೆಯುವವನು ಏನು ಬರೆಯಬೇಕು ಎಂದು ಯೋಚಿಸುವ ಮೊದಲೇ ಯಾವ ಭಾಷೆಯಲ್ಲಿ ಎಂದು ತೀರ್ಮಾನಿಸಬೇಕು. ಭಾಷೆ ಆರಿಸಿಕೊಂಡ ಕ್ಷಣವೇ ಓದುಗ ಸಮುದಾಯವೂ ನಿಗದಿಯಾಗಿಬಿಡುತ್ತದೆ.

ಮಲೇಷ್ಯಾ ದೊಡ್ಡ ದೇಶವೇನೂ ಅಲ್ಲ. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 3 ಕೋಟಿ 24 ಲಕ್ಷ. ಪೌರರ ಪೈಕಿ ಮಲಯರು ಮತ್ತು ಇತರ ಮೂಲನಿವಾಸಿಗಳು ಸೇರಿ ಸುಮಾರು ಶೇ 69, ಚೀನೀಯರು ಶೇ 23, ಭಾರತೀಯ ಮೂಲದವರು ಶೇ 7ರ ಆಸುಪಾಸು. ಇಷ್ಟು ಜನರೊಳಗೇ ನಾಲ್ಕು ಓದುಗ ಲೋಕಗಳು ಬೇರೆ ಬೇರೆಯಾಗಿ ಬೆಳೆದದ್ದು ಹೇಗೆ?

ಆರಂಭವೇ ಬೇರೆ ಬೇರೆ

ಉತ್ತರಕ್ಕೆ ವಸಾಹತು ಕಾಲಕ್ಕೆ ಹೋಗಬೇಕು. ಮಲಯಾ ನೆಲದ ಮೊದಲ ಪತ್ರಿಕೆ 1806ರಲ್ಲಿ ಪೆನಾಂಗ್ ದ್ವೀಪದಲ್ಲಿ ಹೊರಟಿತು. ಅದು ಇಂಗ್ಲಿಷಿನದು, ಓದುಗರು ಬ್ರಿಟಿಷ್ ಅಧಿಕಾರಿಗಳು ಮತ್ತು ವರ್ತಕರು. ಮಲಯ್ ಭಾಷೆಯ ಮೊದಲ ಪತ್ರಿಕೆ ‘ಜಾವಿ ಪೆರನಕ್ಕನ್’ ಬಂದದ್ದು 1876ರಲ್ಲಿ, ಸಿಂಗಪುರದಲ್ಲಿ. ಅದನ್ನು ಹೊರತಂದವರು ಭಾರತೀಯ ಮುಸ್ಲಿಂ ತಂದೆ, ಮಲಯ್ ತಾಯಂದಿರ ಸಂತತಿಯವರು ಎಂಬುದು ಗಮನಾರ್ಹ. ಎರಡು ಲೋಕಗಳ ನಡುವೆ ಹುಟ್ಟಿದ ಸಮುದಾಯವೊಂದು ಮಲಯ್ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿತು.

ಚೀನೀ ಪತ್ರಿಕೆಗಳ ಕತೆ ಇನ್ನೊಂದು. ಪೆನಾಂಗ್‌ನ ‘ಕ್ವಾಂಗ್ ವಾ’ ಪತ್ರಿಕೆ 1910ರಲ್ಲಿ ಆರಂಭವಾದದ್ದು ಚೀನಾದ ಕ್ರಾಂತಿನಾಯಕ ಸನ್ ಯಾತ್ ಸೆನ್‌ರ ಬೆಂಬಲಿಗರಿಂದ. 1929ರಲ್ಲಿ ಸಿಂಗಪುರದಲ್ಲಿ ‘ಸಿನ್ ಚ್ಯೂ’ ಪತ್ರಿಕೆಯನ್ನು ಕಟ್ಟಿದವರು ಆ ಬೂನ್ ಹಾ. ನಮ್ಮ ಮನೆಗಳಲ್ಲೂ ತಲೆನೋವಿಗೆ ಹಚ್ಚುವ ಟೈಗರ್ ಬಾಮಿನ ಒಡೆಯ ಅವರೇ! ಇನ್ನು ರಬ್ಬರ್ ತೋಟಗಳಿಗೆ ದುಡಿಯಲು ಬಂದ ತಮಿಳರಿಗಾಗಿ 1924ರಲ್ಲಿ ನರಸಿಂಹ ಅಯ್ಯಂಗಾರ್ ‘ತಮಿಳ್ ನೇಸನ್’ ಆರಂಭಿಸಿದರು. ಹೀಗೆ ಒಂದೊಂದು ಪತ್ರಿಕೆಯೂ ಒಂದೊಂದು ಜನಾಂಗದ ನೆನಪು, ಕಳವಳಗಳ ಮೇಲೆ ನಿಂತಿತು. ನೆರೆಮನೆಯವನಿಗೆ ಓದಿಸುವ ಉದ್ದೇಶ ಯಾವುದಕ್ಕೂ ಇರಲಿಲ್ಲ.

ಒಂದು ಭಾಷೆ, ಎರಡು ಲಿಪಿ

ಒಂದೇ ಭಾಷೆಯ ಓದುಗರೂ ಒಡೆದುಹೋಗಬಹುದು ಎಂಬುದಕ್ಕೆ ಮಲಯ್ ಸಾಕ್ಷಿ. ಶತಮಾನಗಳ ಕಾಲ ಈ ಭಾಷೆಯನ್ನು ಬರೆಯುತ್ತಿದ್ದುದು ಅರಬ್ಬಿ ಮೂಲದ ‘ಜಾವಿ’ ಲಿಪಿಯಲ್ಲಿ. 1939ರಲ್ಲಿ ಯೂಸುಫ್ ಇಶಾಕ್ ಮತ್ತು ಸಂಗಡಿಗರು ಸಿಂಗಪುರದಲ್ಲಿ ‘ಉತುಸಾನ್ ಮೆಲಾಯು’ ಪತ್ರಿಕೆಯನ್ನು ಜಾವಿ ಲಿಪಿಯಲ್ಲೇ ತಂದರು. ಬಂಡವಾಳಕ್ಕಾಗಿ ಅವರು ಹಳ್ಳಿಹಳ್ಳಿ ಸುತ್ತಿ ಸಾಮಾನ್ಯ ಮಲಯರಿಗೆ ಷೇರು ಮಾರಿದರು. ಓದುಗನೇ ಒಡೆಯನಾದ ಪತ್ರಿಕೆ ಅದು. ಯೂಸುಫ್ ಇಶಾಕ್ ಮುಂದೆ ಸಿಂಗಪುರದ ಮೊದಲ ರಾಷ್ಟ್ರಾಧ್ಯಕ್ಷರಾದರು.

ಸ್ವಾತಂತ್ರ್ಯಾನಂತರ, 1963ರ ರಾಷ್ಟ್ರಭಾಷಾ ಕಾನೂನು ರೋಮನ್ ಲಿಪಿಯನ್ನು ಅಧಿಕೃತಗೊಳಿಸಿತು. ಜಾವಿಯನ್ನು ನಿಷೇಧಿಸಲಿಲ್ಲ, ನಿಜ. ಆದರೆ ಶಾಲೆಯ ಮಕ್ಕಳು ಎಲ್ಲವನ್ನೂ ರೋಮನ್ ಲಿಪಿಯಲ್ಲಿ ಕಲಿಯತೊಡಗಿದ ಮೇಲೆ ಅಜ್ಜ ಓದುವ ಪತ್ರಿಕೆ ಮೊಮ್ಮಗನಿಗೆ ತೊಡಕಾಯಿತು. 1967ರಲ್ಲಿ ಅದೇ ಸಂಸ್ಥೆ ರೋಮನ್ ಲಿಪಿಯ ‘ಉತುಸಾನ್ ಮಲೇಷ್ಯಾ’ ಹೊರತಂದಿತು. ಮರಿ ಪತ್ರಿಕೆ ಬೆಳೆದಂತೆ ತಾಯಿ ಪತ್ರಿಕೆ ಸೊರಗಿತು.

ಲಿಪಿಯ ಪ್ರಶ್ನೆ ಇಂದಿಗೂ ಸೂಕ್ಷ್ಮವೇ. ಚೀನೀ, ತಮಿಳು ಪ್ರಾಥಮಿಕ ಶಾಲೆಗಳ ಮಲಯ್ ಪಠ್ಯದಲ್ಲಿ ಜಾವಿಯ ಪರಿಚಯ ಪಾಠ ಸೇರಿಸಲು 2019ರಲ್ಲಿ ಸರ್ಕಾರ ಹೊರಟಾಗ ಆ ಸಮುದಾಯಗಳ ಶಿಕ್ಷಣ ಸಂಘಟನೆಗಳು ತೀವ್ರವಾಗಿ ವಿರೋಧಿಸಿದವು. ಕೆಲವೇ ಪುಟಗಳ ಪಾಠ, ಗುಲ್ಲೆದ್ದದ್ದು ದೇಶದ ತುಂಬ.

ಓದುಗನನ್ನು ತಯಾರಿಸುವುದು ಶಾಲೆ

ಪತ್ರಿಕೆಯ ಅಳಿವು ಉಳಿವು ಸಂಪಾದಕನ ಕೈಯಲ್ಲಿರುತ್ತದೆ ಎಂದು ನಂಬುವುದುಂಟು. ಮಲೇಷ್ಯಾದ ಅನುಭವ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಓದುಗನನ್ನು ತಯಾರಿಸುವುದು ಶಾಲೆ.

ದೇಶದಲ್ಲಿ ಚೀನೀ ಮಾಧ್ಯಮದ ಸುಮಾರು 1300 ಪ್ರಾಥಮಿಕ ಶಾಲೆಗಳಿವೆ. ಮುಂದೆ ಓದಬಯಸುವವರಿಗೆ ಸಮುದಾಯವೇ ಹಣ ಕೂಡಿಸಿ ನಡೆಸುವ ಅರವತ್ತಕ್ಕೂ ಹೆಚ್ಚು ಸ್ವತಂತ್ರ ಪ್ರೌಢಶಾಲೆಗಳಿವೆ. ಚೀನೀ ಪತ್ರಿಕೆಗಳಿಗೆ ಪ್ರತಿವರ್ಷ ಹೊಸ ಓದುಗರು ಸಿಗುತ್ತಲೇ ಇರುವುದಕ್ಕೆ ಇದು ಮುಖ್ಯ ಕಾರಣ.

ತಮಿಳಿನದು ಬೇರೆ ಪಾಡು. ಶಾಲೆಗೆ ಹೋಗುವ ವಯಸ್ಸಿನ ಹತ್ತು ಮಕ್ಕಳಿದ್ದರೆ ತೋಟದಲ್ಲೊಂದು ಶಾಲೆ ಇರಬೇಕೆಂಬ ವಸಾಹತು ಕಾಲದ ಕಾರ್ಮಿಕ ಕಾನೂನಿನಿಂದ ತಮಿಳು ಶಾಲೆಗಳು ಬೆಳೆದವು. ಇಂದಿಗೂ ಐನೂರಕ್ಕೂ ಹೆಚ್ಚು ಶಾಲೆಗಳಿವೆ. ಆದರೆ ತಮಿಳು ಮಾಧ್ಯಮ ಆರನೆಯ ವರ್ಷಕ್ಕೆ ಮುಗಿಯುತ್ತದೆ. ಅನಂತರ ಮಲಯ್ ಮಾಧ್ಯಮ. ತಮಿಳು ಬೇಕೆಂದವರಿಗೆ ಒಂದು ವಿಷಯ ಮಾತ್ರ. ಹನ್ನೆರಡರ ಹರೆಯದಲ್ಲಿ ಶಾಲೆ ಬಿಟ್ಟುಕೊಟ್ಟ ಭಾಷೆಯಲ್ಲಿ ಮೂವತ್ತರ ಹೊತ್ತಿಗೆ ದಿನಪತ್ರಿಕೆ ಓದುವವರೆಷ್ಟು ಮಂದಿ? ಇದರ ಜೊತೆಗೆ ರಬ್ಬರ್ ತೋಟಗಳು ತಾಳೆ ತೋಟಗಳಾಗಿ, ಬಡಾವಣೆಗಳಾಗಿ ಬದಲಾದಂತೆ ತೋಟದ ಸಾಲುಮನೆಗಳಲ್ಲಿ ಒಬ್ಬ ಓದಿ ಹತ್ತು ಜನ ಕೇಳುತ್ತಿದ್ದ ಬದುಕೂ ಚದುರಿತು. ‘ತಮಿಳ್ ನೇಸನ್’ 2019ರ ಆರಂಭದಲ್ಲಿ, ಶತಮಾನೋತ್ಸವಕ್ಕೆ ಐದು ವರ್ಷ ಬಾಕಿ ಇರುವಾಗ, ಬಾಗಿಲು ಮುಚ್ಚಿತು. ಬೇರೆ ತಮಿಳು ಪತ್ರಿಕೆಗಳು ಉಳಿದವು, ನಿಜ. ಆದರೂ ಮೂರು ತಲೆಮಾರಿನ ಮನೆಗಳಿಗೆ ಮದುವೆ, ಮರಣ, ದೇವಸ್ಥಾನದ ಹಬ್ಬದ ಸುದ್ದಿ ತಲುಪಿಸಿದ್ದ ಹಳೆಯ ಹೆಸರೊಂದು ಅಂದಿಗೆ ಅಳಿಸಿಹೋಯಿತು.

ಇಂಗ್ಲಿಷಿನ ಲೇಖಕರ ಸಂಕಟವೂ ಶಾಲೆಯಿಂದಲೇ ಬಂದದ್ದು. 1970ರಿಂದ ಇಂಗ್ಲಿಷ್ ಮಾಧ್ಯಮ ಶಾಲೆಗಳನ್ನು ಹಂತಹಂತವಾಗಿ ಮಲಯ್ ಮಾಧ್ಯಮಕ್ಕೆ ಬದಲಾಯಿಸಲಾಯಿತು. ಮಲಯ್‌ನಲ್ಲಿ ಬರೆದದ್ದು ಮಾತ್ರ ರಾಷ್ಟ್ರೀಯ ಸಾಹಿತ್ಯ ಎಂಬ ನೀತಿಯೂ ಜೊತೆಗೂಡಿತು. 1981ರಿಂದ ನೀಡುತ್ತಿರುವ ‘ಸಸ್ತೆರವಾನ್ ನೆಗಾರಾ’ ಎಂಬ ಅತ್ಯುನ್ನತ ಸಾಹಿತ್ಯ ಗೌರವ ಮಲಯ್ ಲೇಖಕರಿಗೇ ಮೀಸಲು. ಕವಿ ಈ ತಿಯಾಂಗ್ ಹಾಂಗ್ 1975ರಲ್ಲಿ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ಮುಂದಿನ ತಲೆಮಾರಿನ ತಾಶ್ ಆ, ತಾನ್ ತ್ವಾನ್ ಎಂಗ್ ಅವರಂಥ ಕಾದಂಬರಿಕಾರರು ಮೊದಲು ಪ್ರಕಟವಾದದ್ದು, ಹೆಸರು ಗಳಿಸಿದ್ದು ಬ್ರಿಟನ್ನಿನಲ್ಲಿ. ಪೆನಾಂಗ್‌ನ ಕತೆ ಪೆನಾಂಗ್‌ನ ಓದುಗನಿಗೆ ತಲುಪಲು ಲಂಡನ್ನಿನ ದಾರಿ ಹಿಡಿಯಬೇಕಾದದ್ದು ವಿಪರ್ಯಾಸ.

ಗೋಡೆ ದಾಟಲು ಹೋದ ಕಾದಂಬರಿ

ಹಾಗಾದರೆ ಎಲ್ಲ ಸಮುದಾಯಗಳ ಬಗ್ಗೆ ಬರೆದರೆ ಎಲ್ಲರೂ ಓದುತ್ತಾರೆಯೇ? ಅಬ್ದುಲ್ಲಾ ಹುಸೇನ್ ಅವರ ‘ಇಂಟರ್ಲೋಕ್’ ಕಾದಂಬರಿಯ ಕತೆ ಎಚ್ಚರಿಕೆ ಹೇಳುವಂಥದ್ದು. 1971ರಲ್ಲಿ ಪ್ರಕಟವಾದ ಈ ಮಲಯ್ ಕೃತಿ ಒಂದು ಮಲಯ್, ಒಂದು ಚೀನೀ, ಒಂದು ಭಾರತೀಯ ಕುಟುಂಬದ ಬದುಕನ್ನು ಹೆಣೆದು, ಮೂವರೂ ಒಂದೇ ನಾಡಿನವರೆಂದು ತೋರಿಸಲು ಹೊರಟಿತ್ತು. 2011ರಲ್ಲಿ ಅದನ್ನು ಪ್ರೌಢಶಾಲೆಯ ಪಠ್ಯವನ್ನಾಗಿ ಮಾಡಿದಾಗ, ಭಾರತದಿಂದ ಬಂದ ಕೂಲಿಗಳನ್ನು ಕುರಿತು ಅದರಲ್ಲಿ ಬಳಸಿದ್ದ ಜಾತಿಸೂಚಕ ಪದ ತಮಿಳು ಸಮುದಾಯವನ್ನು ಕೆರಳಿಸಿತು. ಪ್ರತಿಭಟನೆಗಳು ನಡೆದವು. ಕೊನೆಗೆ ಪುಸ್ತಕವನ್ನು ಪಠ್ಯದಿಂದ ಹಿಂತೆಗೆದುಕೊಳ್ಳಲಾಯಿತು.

ಲೇಖಕರ ಉದ್ದೇಶ ಸೌಹಾರ್ದವೇ ಇರಬಹುದು. ಆದರೆ ಬಹುಕಾಲ ತಮ್ಮವರೇ ಓದುವರೆಂಬ ನಂಬಿಕೆಯಲ್ಲಿ ಬರೆದು ರೂಢಿಯಾದಾಗ, ಆಚೆ ಮನೆಯವನು ಓದಿದರೆ ಹೇಗನ್ನಿಸೀತು ಎಂಬ ಅಳುಕು ಇರುವುದಿಲ್ಲ. ಬೇರೆ ಬೇರೆಯಾಗಿ ಓದುವ ಸಮಾಜ ತೆರುವ ಬೆಲೆ ಇದು.

ಇದಕ್ಕೆ ಸರ್ಕಾರದ ಹಿಡಿತವನ್ನೂ ಸೇರಿಸಬೇಕು. 1984ರ ಮುದ್ರಣಾಲಯ ಮತ್ತು ಪ್ರಕಟಣೆಗಳ ಕಾನೂನಿನ ಪ್ರಕಾರ ಪತ್ರಿಕೆಗಳು ಪ್ರತಿವರ್ಷ ಪರವಾನಗಿ ನವೀಕರಿಸಿಕೊಳ್ಳಬೇಕಿತ್ತು. ವಾರ್ಷಿಕ ನವೀಕರಣದ ನಿಯಮ ರದ್ದಾದದ್ದು 2012ರಲ್ಲಿ. 1987ರ ಅಕ್ಟೋಬರಿನಲ್ಲಿ ಜನಾಂಗೀಯ ಉದ್ವಿಗ್ನತೆಯ ಕಾರಣ ನೀಡಿ ಇಂಗ್ಲಿಷಿನ ‘ದಿ ಸ್ಟಾರ್’, ಚೀನೀ ‘ಸಿನ್ ಚ್ಯೂ’, ಮಲಯ್‌ನ ‘ವತನ್’ ಪತ್ರಿಕೆಗಳನ್ನು ಒಟ್ಟಿಗೆ ನಿಲ್ಲಿಸಲಾಯಿತು. ಇತ್ತ, ಜನರ ಷೇರಿನಿಂದ ಹುಟ್ಟಿದ್ದ ‘ಉತುಸಾನ್’ 1961ರಲ್ಲಿ ಸಿಬ್ಬಂದಿ ಮುಷ್ಕರ ಹೂಡಿದರೂ ಆಳುವ ಪಕ್ಷದ ಹಿಡಿತಕ್ಕೆ ಸಿಕ್ಕಿತು. ಆ ಪಕ್ಷ 2018ರಲ್ಲಿ ಅಧಿಕಾರ ಕಳೆದುಕೊಂಡ ಮರುವರ್ಷವೇ ಪತ್ರಿಕೆ ನಿಂತಿತು. 2020ರಲ್ಲಿ ಹೊಸ ಒಡೆತನದಲ್ಲಿ ಮತ್ತೆ ಬಂತಾದರೂ ಹಳೆಯ ಓದುಗರನ್ನು ಮರಳಿ ತರುವುದು ಸುಲಭದ ಮಾತಲ್ಲ.

ಗೆದ್ದವರು ಹೇಗೆ ಗೆದ್ದರು?

ಇಷ್ಟೆಲ್ಲದರ ನಡುವೆಯೂ ಎಲ್ಲ ಮನೆಗಳ ಬಾಗಿಲು ತಟ್ಟಿದವರಿದ್ದಾರೆ. ಅವರಲ್ಲಿ ಮೊದಲಿಗರು ವ್ಯಂಗ್ಯಚಿತ್ರಕಾರ ಲಾಟ್. 1951ರಲ್ಲಿ ಪೆರಾಕ್ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಮೊಹಮ್ಮದ್ ನೂರ್ ಖಾಲಿದ್ ಅವರ ಕುಂಚನಾಮ ಅದು. ಮಲಯ್ ಹುಡುಗನ ಸುನ್ನತಿಯ ಗಡಿಬಿಡಿ, ಸಿಖ್ ಮದುವೆಯ ಸಡಗರ ಇವನ್ನೆಲ್ಲ ಅವರು ಇಂಗ್ಲಿಷ್ ಪತ್ರಿಕೆಗಳಲ್ಲಿ ಚಿತ್ರಿಸಿದರು. 1979ರ ‘ಕಂಪುಂಗ್ ಬಾಯ್’ ಪುಸ್ತಕದಲ್ಲಿ ತಮ್ಮ ಹಳ್ಳಿಯ ಬಾಲ್ಯವನ್ನೂ, 1981ರ ‘ಟೌನ್ ಬಾಯ್’ನಲ್ಲಿ ಈಪೋ ಪಟ್ಟಣದಲ್ಲಿ ಚೀನೀ ಗೆಳೆಯನೊಂದಿಗೆ ಬೆಳೆದ ಸ್ನೇಹವನ್ನೂ ಹೇಳಿದರು. ಬರಹ ಇಂಗ್ಲಿಷಿನದಾದರೂ ಅದರಲ್ಲಿ ಮಲಯ್ ಮಾತಿನ ಜಾಡಿತ್ತು. ‘ನಾವೆಲ್ಲ ಒಂದು’ ಎಂದು ಅವರು ಉಪದೇಶಿಸಲಿಲ್ಲ. ಗುಂಡು ಮುಖ, ಕೆದರಿದ ಕೂದಲಿನ ಹುಡುಗನೊಬ್ಬನನ್ನು ತೋರಿಸಿದರು. ಚೀನೀಯರೂ ತಮಿಳರೂ ಅವನಲ್ಲಿ ತಮ್ಮ ಬಾಲ್ಯವನ್ನು ಕಂಡರು.

ಇನ್ನೊಂದು ಉದಾಹರಣೆ ಇತ್ತೀಚಿನದು. ಚಿತ್ರನಿರ್ದೇಶಕ, ಲೇಖಕ ಅಮೀರ್ ಮುಹಮ್ಮದ್ 2011ರಲ್ಲಿ ‘ಬುಕು ಫಿಕ್ಸಿ’ ಎಂಬ ಪ್ರಕಾಶನ ಆರಂಭಿಸಿದರು. ಶುದ್ಧ ಪಠ್ಯಪುಸ್ತಕದ ಮಲಯ್ ಬಿಟ್ಟು, ನಗರದ ಯುವಕರು ಆಡುವ ಬೆರಕೆ ಮಾತಿನಲ್ಲೇ ಪತ್ತೇದಾರಿ, ಭಯಾನಕ ಕತೆಗಳನ್ನು ಅಗ್ಗದ ದರದಲ್ಲಿ ಕೊಟ್ಟರು. ಭಾಷೆ ಕೆಡುತ್ತದೆ ಎಂಬ ಆಕ್ಷೇಪಗಳ ನಡುವೆಯೇ ಪುಸ್ತಕ ಹಿಡಿಯದಿದ್ದ ತರುಣರು ಪುಸ್ತಕದಂಗಡಿಗೆ ಬಂದರು.

ಲಾಟ್‌ಗೂ ಫಿಕ್ಸಿಗೂ ಸಾಮ್ಯ ಕಡಿಮೆ. ಆದರೆ ಇಬ್ಬರೂ ಮಾಮಕ್ ಅಂಗಡಿಯ ಮೇಜಿನ ಮಾತನ್ನು ಕಾಗದಕ್ಕೆ ಇಳಿಸಿದರು ಎಂಬುದು ನಿಜ. ಶಾಲೆಗಳು ವಿಂಗಡಿಸಿ ಕೊಟ್ಟ ಓದುಗರನ್ನು ನಂಬಿ ಕುಳಿತವರ ಬಳಗ ಕುಗ್ಗುತ್ತ ಬಂದಿದೆ. ಜನ ಒಟ್ಟಿಗೆ ನಗುವ, ಜಗಳವಾಡುವ ಭಾಷೆಯನ್ನು ಹಿಡಿದವರಿಗೆ ಹೊಸ ಓದುಗರು ದೊರೆತಿದ್ದಾರೆ. ಆ ಮೇಜಿನ ಮೇಲೆ ಇಂದು ನಾಲ್ಕು ಪತ್ರಿಕೆಗಳಿಗಿಂತ ನಾಲ್ಕು ಮೊಬೈಲು ಫೋನುಗಳೇ ಹೆಚ್ಚು ಕಾಣುತ್ತವೆ. ಅವುಗಳ ಪರದೆಯ ಮೇಲೂ ನಾಲ್ಕು ಭಾಷೆಗಳು ಬೇರೆ ಬೇರೆಯಾಗಿಯೇ ಉಳಿಯುತ್ತವೆಯೇ ಎಂಬುದು ಮುಂದಿನ ಪ್ರಶ್ನೆ. ಮಾತಂತೂ ಎಂದಿನಂತೆ ಬೆರೆತೇ ಸಾಗಿದೆ.