ನಲ್ಲಿಯೊಳಗಿನ ಸೀಸ

ಮಂಡ್ಯದಿಂದ ಮೈಸೂರಿನತ್ತ ಸಾಗುವ ರೈಲುಮಾರ್ಗದಲ್ಲಿ ಯಲಿಯೂರು ಒಂದು ಪುಟ್ಟ ನಿಲ್ದಾಣ. ಆ ಊರಿನ ಪರಿಚಿತರ ಮನೆಯಲ್ಲಿ ಹಿರಿಯರೊಬ್ಬರು ಬೆಳಗಿನ ಮೊದಲ ಚೊಂಬು ನೀರನ್ನು ಗಿಡದ ಬುಡಕ್ಕೆ ಸುರಿಯುವುದನ್ನು ಕಂಡು ಕಾರಣ ಕೇಳಿದೆ. ‘ರಾತ್ರಿಯೆಲ್ಲ ನಲ್ಲಿಯಲ್ಲಿ ನಿಂತ ನೀರು, ಕುಡಿಯಬಾರದು’ ಎಂದರು. ಅವರು ರೂಢಿಯಿಂದ ಮಾಡಿದ್ದನ್ನು ರಸಾಯನಶಾಸ್ತ್ರವೂ ಸಮರ್ಥಿಸುತ್ತದೆ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ ಎಂದೇ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಲೇತ್ ಯಂತ್ರದಲ್ಲಿ ಸಲೀಸಾಗಿ ಕೊರೆಯಲೆಂದು ತಯಾರಿಸುವ ಹಿತ್ತಾಳೆಗೆ ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಸೀಸವನ್ನೂ ಬೆರೆಸಲಾಗುತ್ತದೆ. ಸೀಸವು ಹಿತ್ತಾಳೆಯಲ್ಲಿ ಕರಗದೆ ಸೂಕ್ಷ್ಮ ಕಣಗಳಾಗಿ ಉಳಿಯುವುದರಿಂದ ಚೂರುಗಳು ಸುಲಭವಾಗಿ ಮುರಿಯುತ್ತವೆ. ಉಳಿಯ ಸವೆತ ತಗ್ಗುತ್ತದೆ. ಗಂಟೆಗಟ್ಟಲೆ ನಿಂತ ನೀರಿಗೆ ಇಳಿಯುವುದೂ ಇದೇ ಸೀಸ. ಕುದಿಸಿದರೆ ಅದು ಹೋಗುವುದಿಲ್ಲ.

ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಎಳೆಯ ಮಕ್ಕಳ ಬುದ್ಧಿಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್ ಈ ಅರಿವಿಗಾಗಿ ದಶಕಗಳ ಕಾಲ ದುಡಿದರು. 2000ದಲ್ಲಿ ದೇಶದಾದ್ಯಂತ ಪೆಟ್ರೋಲ್‌ನಿಂದ ಸೀಸ ತೊಲಗಿತು. ಬಣ್ಣಗಳಲ್ಲಿ ಅದರ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ 2016ರಲ್ಲಿ ಬಂತು. ಲೋಹದ ಬಿಡಿಭಾಗಗಳ ಸರದಿ ಮಾತ್ರ ಹಿಂದೆ ಉಳಿದಿದೆ.

ಸೀಸವನ್ನು ಕೈಬಿಡಲು ತಯಾರಕರಿಗೆ ಕರುಣೆಯೊಂದೇ ಕಾರಣವಾಗಬೇಕಿಲ್ಲ. ಅಮೆರಿಕವು ಕುಡಿಯುವ ನೀರು ತಾಗುವ ಬಿಡಿಭಾಗಗಳಲ್ಲಿನ ಸೀಸದ ಮಿತಿಯನ್ನು 2014ರ ಜನವರಿಯಿಂದ ಶೇ 8ರಿಂದ ಸರಾಸರಿ ಶೇ 0.25ಕ್ಕೆ ಇಳಿಸಿತು. ಅಲ್ಲಿಗೆ ಸರಕು ಕಳುಹಿಸುವವರಿಗೆ ಬೇರೆ ದಾರಿಯಿಲ್ಲ. ಇನ್ನು, ಹಿತ್ತಾಳೆ ಕರಗಿಸುವಾಗ ಏಳುವ ಸೀಸದ ಹೊಗೆಯನ್ನು ಮೊದಲು ಸೇವಿಸುವವನು ಎರಕದ ಕಾರ್ಮಿಕ. ಬಟ್ಟೆಗೆ ಅಂಟಿದ ಧೂಳು ಅವನ ಮನೆಯ ಮಕ್ಕಳನ್ನೂ ತಲುಪುತ್ತದೆ.

ಸಿಲಿಕಾನ್ ಅಥವಾ ಬಿಸ್ಮತ್ ಬೆರೆಸಿದ ಸೀಸರಹಿತ ಹಿತ್ತಾಳೆ ಲಭ್ಯವಿದೆ. ಅದು ದುಬಾರಿ ಎಂಬುದು ನಿಜ. ಸಿಲಿಕಾನ್ ಹಿತ್ತಾಳೆಯಿಂದ ಉಳಿ ಬೇಗ ಸವೆಯುತ್ತದೆ. ಗುಜರಿಯನ್ನೂ ಬೇರ್ಪಡಿಸಿ ಇಡಬೇಕಾಗುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಉದ್ಯಮಿಗೆ ಇದು ಹಗುರವಾದ ಹೊರೆಯಲ್ಲ. ಆದ್ದರಿಂದಲೇ ನಿಯಮ ಎಲ್ಲರಿಗೂ ಒಂದೇ ಆಗಬೇಕು. ಬದಲಾವಣೆಗೆ ಕಾಲಾವಕಾಶ, ಸಾಲದ ನೆರವು ಸಿಗಬೇಕು.

ಜಲಜೀವನ್ ಯೋಜನೆಯು 2019ರಿಂದ ಹಳ್ಳಿಯ ಮನೆಮನೆಗೆ ನಲ್ಲಿ ತರುವ ಕೆಲಸಕ್ಕೆ ತೊಡಗಿದೆ. ಸರ್ಕಾರಿ ಹಣದಿಂದ ಕೊಳ್ಳುವ ಹಿತ್ತಾಳೆ ಬಿಡಿಭಾಗ ಸೀಸರಹಿತವಾಗಿರಬೇಕೆಂಬ ಒಂದು ಷರತ್ತು ದೊಡ್ಡ ಮಾರುಕಟ್ಟೆಯನ್ನೇ ಸೃಷ್ಟಿಸಬಲ್ಲದು. ಹೊರದೇಶದ ಮಗುವಿಗೆ ಒಂದು ನಲ್ಲಿ, ಯಲಿಯೂರಿನ ಮಗುವಿಗೆ ಇನ್ನೊಂದು ನಲ್ಲಿ ಎಂಬುದನ್ನು ಒಪ್ಪಲಾಗದು. ಅಲ್ಲಿಯವರೆಗೆ ಮೊದಲ ಚೊಂಬು ನೀರು ಗಿಡಕ್ಕೇ ಇರಲಿ.